ಅಂಗಡಿಯಲ್ಲೇ ಉಳಿದುಹೋದ ಕಾರ್ಡು

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ವಾಚನಾಲಯದ ಬಾಗಿಲು ತೆರೆದು ಪತ್ರಿಕೆಗಳನ್ನು ಮೇಜಿನ ಮೇಲೆ ಜೋಡಿಸುತ್ತಿದ್ದೆ. ನಮ್ಮ ಗಿರಣಿಯ ಬಣ್ಣದ ವಿಭಾಗದಲ್ಲಿ ದುಡಿಯುವ, ರಾಯಚೂರು ಕಡೆಯ ಮಿತ್ರರೊಬ್ಬರು ಪಾಸ್‌ಬುಕ್ಕನ್ನು ಕಿಸೆಯಲ್ಲಿಟ್ಟುಕೊಂಡು ಬಂದರು. ಪತ್ರಿಕೆ ಓದಲು ಬಂದವರಲ್ಲವೆಂಬುದು ಮುಖ ನೋಡಿದೊಡನೆಯೇ ತಿಳಿಯಿತು. ಸಂಬಳ ಬಂದ ಮೂರನೆಯ ದಿನ ಯಾರೋ 149 ರೂಪಾಯಿ ತೆಗೆಯುತ್ತಾರೆ, ತಿಂಗಳು ತಪ್ಪದೆ ತೆಗೆಯುತ್ತಾರೆ, ಬ್ಯಾಂಕಿನ ಶುಲ್ಕವಿರಬಹುದೆಂದು ಇಷ್ಟು ದಿನ ಸುಮ್ಮನಿದ್ದೆ, ಈಗ ವಿಚಾರಿಸಿದರೆ ಅದು ತಮ್ಮದಲ್ಲವೆಂದು ಬ್ಯಾಂಕಿನವರು ಹೇಳುತ್ತಾರೆ, ಎಂದರು. ಇಬ್ಬರೂ ಕುಳಿತು ಎಣಿಸಿದೆವು. ಹನ್ನೊಂದು ಸಲ. ಒಟ್ಟು 1,639 ರೂಪಾಯಿ. ಊರಿನಲ್ಲಿ ತಾಯಿಯ ಒಂದು ತಿಂಗಳ ಔಷಧಿಗೆ ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆಂದು ಅವರು ಹೇಳಿದಾಗ ನನಗೂ ಮಾತು ಹೊರಡಲಿಲ್ಲ.

ವಿಚಾರಿಸುತ್ತ ಹೋದಂತೆ ಸಂಗತಿ ಹೊರಬಿತ್ತು. ಹಿಂದಿನ ವರ್ಷ ಕ್ರಿಕೆಟ್ ಪಂದ್ಯ ನೋಡಬೇಕೆಂಬ ಆಸೆಯಿಂದ ಅವರು ಫೋನಿನಲ್ಲಿ ಒಂದು ಸಂಸ್ಥೆಯ ಆ್ಯಪ್ ಹಾಕಿಕೊಂಡು, ಸಂಬಳದ ಖಾತೆಯ ಡೆಬಿಟ್ ಕಾರ್ಡಿನ ಅಂಕಿಗಳನ್ನು ಕೊಟ್ಟಿದ್ದರು. ಪಂದ್ಯಗಳು ಮುಗಿದ ಮೇಲೆ ಆ್ಯಪನ್ನು ಅಳಿಸಿಬಿಟ್ಟರು. ಅಲ್ಲಿಗೆ ಸಂಬಂಧ ಕಡಿಯಿತೆಂದು ಅವರ ಭಾವನೆ. ತಿಳಿದವರೆನ್ನಿಸಿಕೊಂಡ ನಮ್ಮಲ್ಲಿ ಅನೇಕರ ಭಾವನೆಯೂ ಅದೇ. ಆದರೆ ದಿನಸಿ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದ ಮಾತ್ರಕ್ಕೆ ಶೆಟ್ಟರ ಉದ್ದರಿ ಪುಸ್ತಕದಲ್ಲಿ ನಮ್ಮ ಹೆಸರು ಅಳಿಸಿಹೋಗುವುದುಂಟೇ? ಆ್ಯಪ್ ಎಂಬುದು ಅಂಗಡಿಗೆ ಹೋಗುವ ದಾರಿ. ಕಾರ್ಡು ಕುಳಿತಿರುವುದು ದಾರಿಯಲ್ಲಲ್ಲ, ಅಂಗಡಿಯ ಪುಸ್ತಕದಲ್ಲಿ.

ಇದಾದ ಮೇಲೆ ನನ್ನ ಮನೆಯನ್ನೂ ನೋಡಿಕೊಳ್ಳಬೇಕೆನ್ನಿಸಿತು. ಆ ರಾತ್ರಿ ಸಾಮಾನು ತರಿಸುವ ನನ್ನ ಖಾತೆಯನ್ನು ತೆರೆದು, ಉಳಿಸಿಟ್ಟ ಕಾರ್ಡುಗಳ ಪಟ್ಟಿಯನ್ನು ನೋಡಿದೆ. ಐದು ಕಾರ್ಡುಗಳಿದ್ದವು. ಒಂದು ನನ್ನದು. ಉಳಿದ ನಾಲ್ಕು ನನ್ನವಲ್ಲ! ಇಂಗ್ಲಿಷ್ ಬಾರದ, ವಿಳಾಸ ಬರೆಯಲು ತಿಳಿಯದ ಜತೆಯವರಿಗೆ ಕಂಬಳಿ, ಅನ್ನದ ಕುಕ್ಕರು, ಮಕ್ಕಳ ಚೀಲ ಮುಂತಾದವನ್ನು ನನ್ನ ಖಾತೆಯಿಂದಲೇ ತರಿಸಿಕೊಡುವುದು ನನ್ನ ರೂಢಿ. ಹಣ ಕೊಡುವ ಹೊತ್ತಿನಲ್ಲಿ ಅವರ ಕಾರ್ಡನ್ನು ಹಾಕಿದ್ದೆ. ಓಟಿಪಿ ಅವರ ಫೋನಿಗೆ ಬಂದಿತ್ತು. ಅವರು ಓದಿ ಹೇಳಿದ್ದರು. ಕೆಳಗೆ ‘ಕಾರ್ಡನ್ನು ಉಳಿಸಲೇ’ ಎಂಬ ಸಣ್ಣ ಚೌಕದಲ್ಲಿ ಗುರುತು ಬಿದ್ದಿತ್ತೆಂಬುದನ್ನು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಆ ನಾಲ್ವರಲ್ಲಿ ಒಬ್ಬರು ಕೆಲಸ ಬಿಟ್ಟು ದೆಹಲಿಯಿಂದಲೇ ಹೋಗಿದ್ದಾರೆ. ಅವರ ಕಾರ್ಡು ಮಾತ್ರ ನನ್ನ ಹತ್ತಿರ ಉಳಿದಿದೆ. ಯಾರ ಕಾಸನ್ನೂ ಮುಟ್ಟದ ಗುಮಾಸ್ತನೆಂದು ನನ್ನನ್ನು ನಂಬಿದವರು ಅವರು. ನಾಳೆ ಅವರ ಹಣ ಎಲ್ಲಿಯಾದರೂ ಹೋದರೆ ಮೊದಲು ಯಾರ ಮೇಲೆ ಸಂಶಯ ಬರಬೇಕು? ಈ ಲೇಖನವನ್ನು ಬರೆಯಲು ನನ್ನನ್ನು ಕೂಡಿಸಿದ್ದು ಆ ಪ್ರಶ್ನೆಯೇ.

ಮೊದಲು, ಅಂಗಡಿಯಲ್ಲಿ ಉಳಿಯುವುದು ಏನು ಎಂಬುದನ್ನು ನೋಡೋಣ.

ಕಾರ್ಡಿನ ಮೇಲೆ ಸಾಮಾನ್ಯವಾಗಿ ಹದಿನಾರು ಅಂಕಿಗಳ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಹಿಂಬದಿಯಲ್ಲಿ ಮೂರು ಅಂಕಿಗಳು ಇರುತ್ತವೆ. ಕೆಲವು ವರ್ಷಗಳ ಹಿಂದೆ ಹೆಸರು, ಸಂಖ್ಯೆ, ಅವಧಿ ಇವನ್ನು ಅಂಗಡಿಯವರೋ ಅವರ ಪರವಾಗಿ ಹಣ ಪಡೆಯುವ ಮಧ್ಯವರ್ತಿ ಸಂಸ್ಥೆಯವರೋ ತಮ್ಮ ಯಂತ್ರಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಹತ್ತು ಅಂಗಡಿಯಲ್ಲಿ ಉಳಿಸಿದರೆ ಹತ್ತು ಕಡೆ ನಮ್ಮ ಸಂಖ್ಯೆ. ಒಂದು ಕಡೆ ಕನ್ನ ಬಿದ್ದರೂ ಸಾಕಾಗಿತ್ತು. ನಮ್ಮ ಬೆಂಗಳೂರಿನದೇ ಆದ ಜಸ್‌ಪೇ ಎಂಬ ಪಾವತಿ ಸಂಸ್ಥೆಯ ಯಂತ್ರಗಳಿಗೆ 2020ರ ಆಗಸ್ಟ್‌ನಲ್ಲಿ ಇಂತಹ ಕನ್ನ ಬಿದ್ದುದು 2021ರ ಜನವರಿಯಲ್ಲಿ ಬಯಲಿಗೆ ಬಂತು. ಹೋದವು ಸುಮಾರು ಮೂರೂವರೆ ಕೋಟಿ ಕಾರ್ಡುಗಳ ದಾಖಲೆಗಳು. ಅವುಗಳಲ್ಲಿ ಪೂರ್ತಿ ಸಂಖ್ಯೆ ಇರಲಿಲ್ಲ, ನಡುವಿನ ಅಂಕಿಗಳು ಮರೆಯಾಗಿದ್ದವು, ಎಂದು ಸಂಸ್ಥೆ ತಿಳಿಸಿತು. ಅಷ್ಟಾದರೂ ಜನರಿಗೆ ದಿಗಿಲಾದದ್ದು ಸಹಜ.

ರಿಸರ್ವ್ ಬ್ಯಾಂಕು ಈ ಪದ್ಧತಿಯನ್ನೇ ತೆಗೆದುಹಾಕಿತು. ಅಂಗಡಿಗಳು ಕಾರ್ಡಿನ ಸಂಖ್ಯೆಯನ್ನು ಇಟ್ಟುಕೊಳ್ಳಕೂಡದೆಂದು 2020ರ ಮಾರ್ಚ್‌ನಲ್ಲಿ ಹೇಳಿ, ಅದಕ್ಕೆ ಬದಲಾಗಿ ಏನು ಮಾಡಬೇಕೆಂಬುದನ್ನು 2021ರ ಸೆಪ್ಟೆಂಬರ್ 7ರ ಸುತ್ತೋಲೆಯಲ್ಲಿ ವಿವರಿಸಿತು. ವ್ಯಾಪಾರಸ್ಥರು ಗಡುವು ಬೇಡಿದರು. 2022ರ ಜೂನ್ 30ರ ವರೆಗೆ ಒಮ್ಮೆ, ಸೆಪ್ಟೆಂಬರ್ 30ರ ವರೆಗೆ ಇನ್ನೊಮ್ಮೆ ಅದು ಮುಂದಕ್ಕೆ ಹೋಯಿತು. 2022ರ ಅಕ್ಟೋಬರ್ 1ರಿಂದ ನಿಯಮ ಜಾರಿಗೆ ಬಂತು. ಇಂದು ನಮ್ಮ ದೇಶದ ಅಂಗಡಿಯ ಪುಸ್ತಕದಲ್ಲಿರುವುದು ನಮ್ಮ ಸಂಖ್ಯೆಯಲ್ಲ, ಅದರ ಬದಲಿಗೆ ಹುಟ್ಟಿಸಿದ ಬೇರೊಂದು ಸಂಖ್ಯೆ. ಅದಕ್ಕೆ ಟೋಕನ್ ಎಂದು ಹೆಸರು. ಜತೆಗೆ, ನಾವು ಗುರುತು ಹಿಡಿಯಲೆಂದು, ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನೂ ಬ್ಯಾಂಕಿನ ಹೆಸರನ್ನೂ ಅಂಗಡಿಯವರು ಇಟ್ಟುಕೊಳ್ಳಬಹುದು.

ಟೋಕನ್ ಎಂಬ ಶಬ್ದ ನಮಗೆ ಹೊಸದಲ್ಲ. ಹಿಂದೆ ಬ್ಯಾಂಕಿನಲ್ಲಿ ಚೆಕ್ಕು ಕೊಟ್ಟರೆ ಹಿತ್ತಾಳೆಯ ಬಿಲ್ಲೆಯೊಂದನ್ನು ಕೊಡುತ್ತಿದ್ದರೆಂಬುದನ್ನು ಹಿರಿಯರು ಬಲ್ಲರು. ಆ ಬಿಲ್ಲೆ ಆ ಬ್ಯಾಂಕಿನ ಆ ಕಿಟಕಿಯಲ್ಲಿ ಮಾತ್ರ ನಡೆಯುತ್ತಿತ್ತು. ಸಂತೆಯಲ್ಲಿ ಕೊಟ್ಟರೆ ಒಂದು ಬದನೆಕಾಯಿಯೂ ಬರುತ್ತಿರಲಿಲ್ಲ. ಇದೂ ಹಾಗೆಯೇ. ಒಂದು ಕಾರ್ಡಿಗೆ, ಒಂದು ಅಂಗಡಿಗೆ, ಒಂದು ಟೋಕನ್. ಕಳ್ಳನು ಅದನ್ನು ಕದ್ದು ಬೇರೆ ಅಂಗಡಿಗೆ ಒಯ್ದರೆ ನಡೆಯುವುದಿಲ್ಲ. 2022ರ ಜೂನ್ ವೇಳೆಗಾಗಲೇ ಸುಮಾರು 19.5 ಕೋಟಿ ಟೋಕನ್‌ಗಳು ಹುಟ್ಟಿದ್ದವೆಂದು ರಿಸರ್ವ್ ಬ್ಯಾಂಕು ಪ್ರಕಟಿಸಿತ್ತು. ಅವುಗಳಲ್ಲಿ ಎಷ್ಟನ್ನು ಒಡೆಯರು ತಿಳಿದು ಹುಟ್ಟಿಸಿದರೋ, ಎಷ್ಟು ನನ್ನ ಹಾಗೆ ಚೌಕದ ಗುರುತು ನೋಡದೆ ಹುಟ್ಟಿದವೋ ದೇವರೇ ಬಲ್ಲ.

ಆದುದರಿಂದ ಕನ್ನ ಬೀಳುವ ಭಯ ಕಡಿಮೆಯಾಗಿದೆ. ಇದು ನಿಜವಾಗಿ ಒಳ್ಳೆಯ ಕೆಲಸ. ಆದರೆ ಟೋಕನ್ ಒಂದು ವಿಷಯದಲ್ಲಿ ನಮ್ಮನ್ನು ಕಾಪಾಡುವುದಿಲ್ಲ. ಅದು ಯಾವ ಅಂಗಡಿಗಾಗಿ ಹುಟ್ಟಿತೋ ಆ ಅಂಗಡಿಯಲ್ಲಿ, ಯಾರ ಖಾತೆಯಲ್ಲಿ ಕುಳಿತಿದೆಯೋ ಆ ಖಾತೆಯಲ್ಲಿ, ಅದು ಜೀವಂತವಾಗಿಯೇ ಇರುತ್ತದೆ. ನನ್ನ ಖಾತೆಯಲ್ಲಿದ್ದ ನಾಲ್ಕು ಕಾರ್ಡುಗಳು ಹೀಗೆ ಜೀವಂತವಾಗಿದ್ದವು. ಉಳಿಸಿದ ಕಾರ್ಡಿಗೆ ಹಿಂಬದಿಯ ಮೂರು ಅಂಕಿಗಳನ್ನು ಅನೇಕ ಕಡೆ ಈಗ ಕೇಳುವುದೂ ಇಲ್ಲ. ಒಡೆಯನ ಫೋನಿಗೆ ಬರುವ ಓಟಿಪಿ ಒಂದೇ ಅಡ್ಡಗಟ್ಟೆ. ನಾಲ್ಕು ಜನ ಒಂದೇ ಕೋಣೆಯಲ್ಲಿ ಮಲಗಿ, ಫೋನುಗಳು ಒಂದೇ ಪ್ಲಗ್ಗಿನಲ್ಲಿ ಸರದಿಯಂತೆ ಚಾರ್ಜಾಗುವ ಕಾಪಸ್‌ಹೇಡಾದಂತಹ ಬಾಡಿಗೆ ಕೋಣೆಗಳಲ್ಲಿ ಆ ಅಡ್ಡಗಟ್ಟೆಯ ಎತ್ತರವೆಷ್ಟೆಂದು ಅಲ್ಲಿದ್ದವರಿಗೆ ಹೇಳಬೇಕಾಗಿಲ್ಲ.

ಇನ್ನು ಹುಡುಕುವ ಬಗೆ. ಸಾಮಾನ್ಯವಾಗಿ ಜನ ಒಂದೊಂದೇ ಅಂಗಡಿಯ ಆ್ಯಪನ್ನು ತೆರೆದು ನೋಡಲು ಹೊರಡುತ್ತಾರೆ. ನಾನೂ ಹಾಗೆಯೇ ಆರಂಭಿಸಿದೆ. ಎರಡು ಗಂಟೆ ಹಾಳಾಯಿತು. ಯಾವ ಯಾವ ಅಂಗಡಿಯೆಂದು ನೆನಪಿದ್ದರಲ್ಲವೇ ತೆರೆಯುವುದು? ಮೇಲಾಗಿ ಕಾರ್ಡು ಇನ್ನೊಬ್ಬರ ಖಾತೆಯಲ್ಲಿದ್ದರೆ ಅವರ ಆ್ಯಪನ್ನು ನಾವು ತೆರೆಯುವುದು ಹೇಗೆ? ಕೆಲಸ ಬಿಟ್ಟುಹೋದ ಆ ಮಿತ್ರರು ತಮ್ಮ ಫೋನನ್ನು ಎಷ್ಟು ತಡಕಾಡಿದರೂ ನನ್ನ ಖಾತೆಯಲ್ಲಿರುವ ತಮ್ಮ ಕಾರ್ಡು ಅವರಿಗೆ ಕಾಣುವುದಿಲ್ಲ.

ಕಾಣುವ ಸ್ಥಳ ಒಂದುಂಟು. ಅದು ಕಾರ್ಡು ಕೊಟ್ಟ ಬ್ಯಾಂಕು. ಯಾವ ಯಾವ ಅಂಗಡಿಗೆ ಟೋಕನ್ ಹೋಗಿದೆಯೆಂಬ ಪಟ್ಟಿಯನ್ನು ಒಡೆಯನಿಗೆ ತೋರಿಸಿ, ಬೇಡವೆಂದದ್ದನ್ನು ರದ್ದು ಮಾಡುವ ಅನುಕೂಲವನ್ನು ಬ್ಯಾಂಕು ಒದಗಿಸತಕ್ಕದ್ದು ಎಂದು ಮೇಲೆ ಹೇಳಿದ 2021ರ ಸುತ್ತೋಲೆಯಲ್ಲೇ ವಿಧಿಸಿದೆ. ಬ್ಯಾಂಕಿನ ಆ್ಯಪ್, ಇಂಟರ್‌ನೆಟ್ ಬ್ಯಾಂಕಿಂಗ್, ದೂರವಾಣಿಯ ಧ್ವನಿವ್ಯವಸ್ಥೆ, ಶಾಖೆ, ಇವುಗಳಲ್ಲಿ ಒಂದರಲ್ಲಾದರೂ ಈ ಅನುಕೂಲವಿರಬೇಕು. ಟೋಕನ್ ಅಂಗಡಿಗೆ ಸೇರಿದ್ದರೂ ಕಾರ್ಡಿಗೆ ಕಟ್ಟಿದ್ದಾದ್ದರಿಂದ, ಯಾರ ಖಾತೆಯಲ್ಲಿ ಕುಳಿತಿದ್ದರೂ ಒಡೆಯನ ಬ್ಯಾಂಕಿನಲ್ಲಿ ಅದರ ಲೆಕ್ಕ ಸಿಗುತ್ತದೆ. ಈ ಒಂದು ವಿಷಯ ತಿಳಿದಿದ್ದರೆ ನನ್ನ ಎರಡು ಗಂಟೆ ಉಳಿಯುತ್ತಿತ್ತು.

ಆ್ಯಪಿನಲ್ಲಿ ನೋಡುವವರು ‘ಕಾರ್ಡ್ಸ್’ ಎಂಬಲ್ಲಿಗೆ ಹೋಗಿ ‘ಟೋಕನ್’ ಎಂಬ ಅಕ್ಷರವಿರುವ ಸಾಲನ್ನು ಹುಡುಕಬೇಕು. ‘ಮ್ಯಾನೇಜ್ ಟೋಕನ್ಸ್’ ಎಂದೋ ‘ಟೋಕನೈಸ್ಡ್ ಕಾರ್ಡ್ಸ್’ ಎಂದೋ ಇರುತ್ತದೆ. ಒಂದೊಂದು ಬ್ಯಾಂಕಿನದು ಒಂದೊಂದು ರೀತಿ. ಪಟ್ಟಿಯಲ್ಲಿ ಅಂಗಡಿಯ ಹೆಸರಿನ ಬದಲು ಅದರ ಕಂಪೆನಿಯ ನೋಂದಣಿ ಹೆಸರು ಇದ್ದು ಗುರುತು ಸಿಗದಿರಬಹುದು. ಆಗ ಗಾಬರಿಯಾಗುವುದು ಬೇಡ. ಗುರುತು ಸಿಗದ್ದನ್ನು ರದ್ದುಮಾಡಿದರೆ ಹೆಚ್ಚೆಂದರೆ ಮುಂದಿನ ಸಲ ಅಂಕಿಗಳನ್ನು ಹೊಸದಾಗಿ ಒತ್ತಬೇಕಾದೀತು, ಅಷ್ಟೆ. ಒಂದು ಮಾತು: ಹಿಂದಿರುಗಿಸಿದ ಸಾಮಾನಿನ ಹಣ ಬರುವುದಿದ್ದರೆ, ಅದು ಬಂದು ಸೇರಿದ ಮೇಲೆ ಆ ಅಂಗಡಿಯ ಟೋಕನನ್ನು ತೆಗೆಯುವುದು ವಿಹಿತ.

ಆ್ಯಪ್ ಇಲ್ಲದವರು ಶಾಖೆಗೇ ಹೋಗಬಹುದು. ದೆಹಲಿಯ ಶಾಖೆಗಳಲ್ಲಿ ನಮ್ಮವರು ಬಾಯಿ ಬಿಡಲು ಸಂಕೋಚಪಡುವುದನ್ನು ಕಂಡಿದ್ದೇನೆ. ಹಿಂದಿಯಲ್ಲಿ ಇಷ್ಟು ಹೇಳಿದರೆ ಸಾಕು: ‘ಮೇರೇ ಕಾರ್ಡ್ ಕಾ ಟೋಕನ್ ಕಿಸ್ ಕಿಸ್ ದುಕಾನ್ ಮೇ ಹೈ, ಲಿಸ್ಟ್ ದಿಖಾಇಯೇ.’ ಕಿಟಕಿಯಲ್ಲಿರುವವರಿಗೆ ಒಂದೊಂದು ಸಲ ಅವರ ಬ್ಯಾಂಕಿನಲ್ಲಿ ಇಂತಹ ಪಟ್ಟಿಯುಂಟೆಂಬುದೇ ತಿಳಿದಿರುವುದಿಲ್ಲ. ಆಗ ಜಗಳಕ್ಕಿಳಿಯದೆ, ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ಬರೆದು ಅರ್ಜಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿರಿ. ಮೊಹರು ಬಿದ್ದ ಕಾಗದಕ್ಕೆ ಉತ್ತರ ಬಂದೇ ಬರುತ್ತದೆಂದು ನಾನು ಹೇಳಲಾರೆ. ಆದರೆ ಮುಂದೆ ದೂರಬೇಕಾಗಿ ಬಂದರೆ ಅದೇ ಆಧಾರ.

ಬ್ಯಾಂಕಿನ ಪಟ್ಟಿ ನೋಡಿದ ಬಳಿಕ ಅಂಗಡಿಗಳ ಕಡೆಗೂ ಒಂದು ಸಲ ಹೋಗಿಬನ್ನಿ. ಅಮೆಜಾನ್, ಫ್ಲಿಪ್‌ಕಾರ್ಟ್ ಮುಂತಾದ ಕಡೆ ‘ಅಕೌಂಟ್’ ಎಂಬಲ್ಲಿ ಉಳಿಸಿದ ಕಾರ್ಡುಗಳ ಸಾಲಿರುತ್ತದೆ. ಊಟ ತರುವ, ಬಾಡಿಗೆ ಕಾರು ಕರೆಯುವ ಆ್ಯಪ್‌ಗಳಲ್ಲಿ ‘ಪೇಮೆಂಟ್ಸ್’ ಎಂಬಲ್ಲಿ. ನಿಮ್ಮದಲ್ಲದ ಕಾರ್ಡುಗಳೇನಾದರೂ ನನ್ನಂತೆ ನಿಮ್ಮಲ್ಲಿಯೂ ಉಂಟೇ ಎಂದು ತಿಳಿಯುವುದು ಇಲ್ಲಿಯೇ. ಬೇರೆಯವರ ಕಾರ್ಡಿನ ಪಟ್ಟಿಯನ್ನು ನಿಮ್ಮ ಬ್ಯಾಂಕು ತೋರಿಸದು.

ಫೋನಿನ ಒಳಗೂ ಕಾರ್ಡುಗಳು ಇರುತ್ತವೆ. ಆ್ಯಂಡ್ರಾಯ್ಡ್ ಫೋನಾದರೆ ಪ್ಲೇ ಸ್ಟೋರ್ ತೆರೆದು, ಮೇಲಿನ ಮೂಲೆಯ ನಿಮ್ಮ ಗುರುತನ್ನು ಒತ್ತಿ, ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್’ ಎಂಬಲ್ಲಿ ನೋಡಿರಿ. ಕಾರ್ಡುಗಳೂ, ತಿಂಗಳು ತಿಂಗಳು ಹಣ ಹೋಗುವ ಚಂದಾಗಳೂ ಒಂದೇ ಕಡೆ ಸಿಗುತ್ತವೆ. ಐಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ತಮ್ಮ ಹೆಸರನ್ನು ಒತ್ತಿದರೆ ಇವೇ ಎರಡು ಸಾಲುಗಳು ಬರುತ್ತವೆ. ಕ್ರೋಮ್ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ‘ಪೇಮೆಂಟ್ ಮೆಥಡ್ಸ್’ ಎಂಬುದು ಬೇರೆ, ಅಲ್ಲಿಯೂ ನೋಡತಕ್ಕದ್ದು. ಕಛೇರಿಯ ಕಂಪ್ಯೂಟರಿನಲ್ಲಿ ಊಟದ ಬಿಡುವಿನಲ್ಲಿ ಕರೆಂಟಿನ ಬಿಲ್ಲು ಕಟ್ಟುವ ಗುಮಾಸ್ತ ಬಂಧುಗಳು ಇದನ್ನು ಮರೆಯಬಾರದು. ಆ ಕುರ್ಚಿಯಲ್ಲಿ ನಾಳೆ ಬೇರೊಬ್ಬರು ಕೂರುತ್ತಾರೆ.

ಹಳೆಯ ಫೋನನ್ನು ಕರೋಲ್‌ಬಾಗಿನ ಗಫ್ಫಾರ್ ಮಾರ್ಕೆಟ್ಟಿನಲ್ಲಿ ಮಾರಿ ಹೊಸದು ಕೊಳ್ಳುವವರು ನಮ್ಮಲ್ಲಿ ಬಹಳ. ಸಿಮ್ ತೆಗೆದುಕೊಂಡರೆ ಎಲ್ಲವನ್ನೂ ತೆಗೆದುಕೊಂಡಂತೆ ಎಂದು ತಿಳಿಯಬೇಡಿ. ಮೊದಲು ಪ್ರತಿಯೊಂದು ಖಾತೆಯಿಂದಲೂ ಹೊರಬಂದು, ಬಳಿಕ ಫೋನನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತರುವ ‘ರೀಸೆಟ್’ ಮಾಡಿಯೇ ಅಂಗಡಿಯವನ ಕೈಗೆ ಕೊಡಬೇಕು. ಬೆಲೆ ಗಟ್ಟಿಯಾದ ಮೇಲೆ ಅವನ ಮುಂದೆ ನಿಂತು ಅವಸರದಲ್ಲಿ ಮಾಡುವ ಕೆಲಸವಲ್ಲ ಇದು. ಮನೆಯಲ್ಲಿಯೇ ಮುಗಿಸಿಕೊಂಡು ಹೋಗಿರಿ.

ಈಗ ರಾಯಚೂರಿನ ಮಿತ್ರರ 149 ರೂಪಾಯಿಗೆ ಬರುತ್ತೇನೆ. ಅವರ ವಿಷಯದಲ್ಲಿ ಕಾರ್ಡು ಉಳಿದದ್ದಷ್ಟೇ ಅಲ್ಲ, ಅದರ ಮೇಲೆ ಒಂದು ಕಾಯಂ ಅಪ್ಪಣೆಯೂ ಬಿದ್ದಿತ್ತು. ‘ತಿಂಗಳು ತಿಂಗಳು ನೀವೇ ತೆಗೆದುಕೊಳ್ಳಿರಿ’ ಎಂಬ ಅಪ್ಪಣೆ. ಬ್ಯಾಂಕಿನವರ ಭಾಷೆಯಲ್ಲಿ ಇ-ಮ್ಯಾಂಡೇಟ್. ಮೊದಲ ಸಲ ಓಟಿಪಿ ಕೊಟ್ಟು ಒಪ್ಪಿದರೆ ಮುಂದಿನ ಸಲಗಳಲ್ಲಿ ಓಟಿಪಿ ಕೇಳುವುದಿಲ್ಲ. 2021ರ ಅಕ್ಟೋಬರ್ 1ರಿಂದ ಇದಕ್ಕೆ ಕಟ್ಟುನಿಟ್ಟು ಬಂದಿದೆ. ಓಟಿಪಿ ಇಲ್ಲದೆ ಒಂದು ಸಲಕ್ಕೆ ತೆಗೆಯಬಹುದಾದ ಮೊತ್ತಕ್ಕೆ ಮೊದಲು 5,000 ರೂಪಾಯಿಯ ಮಿತಿಯಿತ್ತು. 2022ರ ಜೂನ್‌ನಲ್ಲಿ ಅದನ್ನು 15,000ಕ್ಕೆ ಏರಿಸಿದರು. ವಿಮೆಯ ಕಂತು, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡಿನ ಬಿಲ್ಲು ಇವುಗಳಿಗೆ 2023ರ ಡಿಸೆಂಬರ್‌ನಲ್ಲಿ ಒಂದು ಲಕ್ಷದವರೆಗೆ ಬಿಟ್ಟರು. ಹಣ ತೆಗೆಯುವ ಇಪ್ಪತ್ತನಾಲ್ಕು ಗಂಟೆ ಮೊದಲೇ ಒಡೆಯನಿಗೆ ತಿಳಿಸಬೇಕೆಂಬುದೂ, ಬೇಡವೆನ್ನಲು ಅದರಲ್ಲಿಯೇ ದಾರಿಯಿರಬೇಕೆಂಬುದೂ ನಿಯಮ.

ಹಾಗಾದರೆ ನಮ್ಮ ಮಿತ್ರರಿಗೆ ತಿಳಿಸಲಿಲ್ಲವೇ? ತಿಳಿಸಿದ್ದರು. ಹನ್ನೊಂದು ಸಲವೂ ತಿಳಿಸಿದ್ದರು! ಇಂಗ್ಲಿಷಿನಲ್ಲಿ. ಸಾಲ ಬೇಕೇ, ರಮ್ಮಿ ಆಡುವಿರಾ, ಸೈಟು ಕೊಳ್ಳುವಿರಾ ಎಂಬ ಇನ್ನೂರು ಮೆಸೇಜುಗಳ ನಡುವೆ ಅವು ಹೂತುಹೋಗಿದ್ದವು. ನಿಯಮ ಪಾಲನೆಯಾಗಿದೆ, ಮನುಷ್ಯನಿಗೆ ತಿಳಿದಿಲ್ಲ. ಈ ಮೆಸೇಜುಗಳನ್ನು ಒಡೆಯನ ಭಾಷೆಯಲ್ಲಿ ಕಳಿಸುವುದು ಯಂತ್ರಗಳಿಗೆ ಅಷ್ಟು ಕಷ್ಟದ ಕೆಲಸವೇ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಸದ್ಯಕ್ಕೆ ಹೀಗೆ ಮಾಡಿರಿ: ಮೆಸೇಜಿನಲ್ಲಿ ‘ಮ್ಯಾಂಡೇಟ್’, ‘ಆಟೋಪೇ’, ‘ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್’ ಈ ಮೂರರಲ್ಲಿ ಒಂದು ಶಬ್ದ ಕಂಡರೂ ಅಳಿಸದೆ, ತಿಳಿದವರಿಗೆ ತೋರಿಸಿರಿ. ಅದು ನಾಳೆ ಹೋಗಲಿರುವ ಹಣದ ಸುದ್ದಿ.

ಕಾಯಂ ಅಪ್ಪಣೆಯನ್ನು ಹಿಂದಕ್ಕೆ ಪಡೆಯುವುದು ಟೋಕನ್ ತೆಗೆಯುವುದಕ್ಕಿಂತ ಬೇರೆ ಕೆಲಸ, ಎರಡನ್ನೂ ಮಾಡಬೇಕು. ಸಂಸ್ಥೆಯ ಖಾತೆಗೆ ಹೋಗಿ ಚಂದಾ ನಿಲ್ಲಿಸುವುದು ಮೊದಲನೆಯದು. ಬ್ಯಾಂಕಿನ ಕಡೆಯಿಂದ ಅಪ್ಪಣೆ ರದ್ದು ಮಾಡುವುದು ಎರಡನೆಯದು. ಅನೇಕ ಬ್ಯಾಂಕುಗಳು ಇದಕ್ಕಾಗಿ ಎಸ್‌ಐ ಹಬ್ ಎಂಬ ಪುಟವನ್ನು ಬಳಸುತ್ತವೆ. ಅದರ ದಾರಿಯನ್ನು ಬ್ಯಾಂಕಿನ ಆ್ಯಪಿನಿಂದಲೇ ಹಿಡಿಯುವುದು ಕ್ಷೇಮ. ಕಾರ್ಡಿಲ್ಲದೆ ಯುಪಿಐಯಲ್ಲಿ ಕೊಟ್ಟ ಇಂತಹ ಅಪ್ಪಣೆಗಳು ಆಯಾ ಯುಪಿಐ ಆ್ಯಪಿನ ‘ಆಟೋಪೇ’ ಎಂಬಲ್ಲಿ ಸಿಗುತ್ತವೆ. ನಮ್ಮ ಮಿತ್ರರು ಎರಡನ್ನೂ ಮಾಡಿದರು, ಸಂಸ್ಥೆಗೆ ಪತ್ರವನ್ನೂ ಬರೆದೆವು. ಒಪ್ಪಿಗೆ ಕೊಟ್ಟು ಹೋದ ಹಣವಾದ್ದರಿಂದ ಇದನ್ನು ಕಳವೆನ್ನಲಾಗದು. ಕೊನೆಯ ಒಂದು ತಿಂಗಳ 149 ರೂಪಾಯಿ ಹಿಂದಿರುಗಿತು. ಹತ್ತು ತಿಂಗಳದು ಹೋದಂತೆಯೇ.

ನಿಜವಾಗಿ ಕಳವೇ ಆದರೆ ಮಾತು ಬೇರೆ. ತಾನು ಮಾಡದ ವ್ಯವಹಾರದಲ್ಲಿ ಹಣ ಹೋದರೆ, ಒಡೆಯನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಆದ ನಷ್ಟವಾಗಿದ್ದರೆ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದವನ ಮೇಲೆ ಹೊಣೆ ಬೀಳಕೂಡದೆಂಬ ತತ್ವವನ್ನು ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹಾಕಿಕೊಟ್ಟಿತು. ಆದರೆ ತಾನೇ ಓಟಿಪಿಯನ್ನು ಯಾರಿಗೋ ಓದಿ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಅವನದೇ ಎಂದೂ ಅದರಲ್ಲಿದೆ. ದಿನ ಎಣಿಸುತ್ತ ಕೂರದೆ ಆ ಗಳಿಗೆಯಲ್ಲೇ 1930 ಎಂಬ ಸಂಖ್ಯೆಗೆ ಫೋನು ಮಾಡಿರಿ. ಅದು ಇಡೀ ದೇಶಕ್ಕೆ ಇರುವ ಸಹಾಯವಾಣಿ. ದೆಹಲಿಯಲ್ಲಾಗಲಿ, ಗುರುಗ್ರಾಮ, ನೋಯ್ಡಾ, ಫರೀದಾಬಾದುಗಳಲ್ಲಾಗಲಿ ಸಂಖ್ಯೆ ಒಂದೇ. ಬ್ಯಾಂಕಿಗೆ ಕೊಟ್ಟ ದೂರಿಗೆ ಮೂವತ್ತು ದಿನ ಕಳೆದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, 14448ಕ್ಕೆ ಫೋನು ಮಾಡಿದರೆ ವಿಧಾನವನ್ನು ಹೇಳುತ್ತಾರೆ.

ಬ್ಯಾಂಕಿನ ಸಂಖ್ಯೆಯನ್ನಾಗಲಿ ಅಂಗಡಿಯ ಸಂಖ್ಯೆಯನ್ನಾಗಲಿ ಗೂಗಲ್‌ನಲ್ಲಿ ಹುಡುಕಿ ಕರೆಯಬೇಡಿರೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಕಾರ್ಡು ತೆಗೆಸಲು ಹೊರಟವರೇ ಮೋಸಹೋಗುವುದು ಇಲ್ಲಿ. ಸುಳ್ಳು ಸಂಖ್ಯೆಗಳನ್ನು ಹಾಕಿ ಕಾದುಕೊಂಡು ಕುಳಿತಿರುವವರಿದ್ದಾರೆ. ‘ನಿಮ್ಮ ಕಾರ್ಡನ್ನು ನಾವು ತೆಗೆದುಕೊಡುತ್ತೇವೆ, ಈ ಒಂದು ಆ್ಯಪ್ ಹಾಕಿಕೊಳ್ಳಿರಿ’ ಎಂದು ಹೇಳಿ, ನಮ್ಮ ಫೋನಿನ ಪರದೆಯನ್ನೇ ಅವರು ನೋಡುವಂತೆ ಮಾಡಿಕೊಳ್ಳುತ್ತಾರೆ. ಬ್ಯಾಂಕಿನ ಸರಿಯಾದ ಸಂಖ್ಯೆ ಕಾರ್ಡಿನ ಬೆನ್ನ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಬೇರೆ ಕಡೆ ಇಟ್ಟಿರಿ, ಏಕೆಂದರೆ ಕಾರ್ಡು ಕಳೆದಾಗ ಸಂಖ್ಯೆಯೂ ಅದರೊಡನೆಯೇ ಹೋಗಿರುತ್ತದೆ.

ಇನ್ನೊಂದು ಅನುಕೂಲವನ್ನು ನಮ್ಮವರು ಬಳಸುವುದೇ ಇಲ್ಲ. ಕಾರ್ಡನ್ನು ಎಟಿಎಂಗೆ ಬೇರೆ, ಅಂಗಡಿಯ ಯಂತ್ರಕ್ಕೆ ಬೇರೆ, ಆನ್‌ಲೈನಿಗೆ ಬೇರೆ, ವಿದೇಶಕ್ಕೆ ಬೇರೆ ಎಂದು ವಿದ್ಯುದ್ದೀಪದ ಗುಂಡಿಯಂತೆ ಹಾಕಿ ಆರಿಸುವ ಸೌಕರ್ಯವನ್ನು ಬ್ಯಾಂಕುಗಳು ಕೊಡಬೇಕೆಂದು 2020ರ ಜನವರಿ 15ರಂದು ರಿಸರ್ವ್ ಬ್ಯಾಂಕು ಆದೇಶಿಸಿತು. ಪ್ರತಿಯೊಂದಕ್ಕೂ ಮೊತ್ತದ ಮಿತಿಯನ್ನು ನಾವೇ ಇಡಬಹುದು. ಎಟಿಎಂನಲ್ಲಿ ಸಂಬಳ ತೆಗೆಯುವುದಕ್ಕಷ್ಟೇ ಕಾರ್ಡು ಬೇಕೆನ್ನುವವರು ಆನ್‌ಲೈನ್ ಗುಂಡಿಯನ್ನು ಆರಿಸಿಡಲಿ. ವಿದೇಶದ ಗುಂಡಿಯನ್ನಂತೂ ನಮ್ಮಂತಹವರು ಹಾಕಿಡುವ ಕಾರಣವೇ ಇಲ್ಲ. ಕೆಲವು ಪರದೇಶದ ಅಂಗಡಿಗಳಲ್ಲಿ ಓಟಿಪಿ ಇಲ್ಲದೆಯೇ ಹಣ ಹೋಗಿರುವುದುಂಟು.

ನನ್ನ ಮಟ್ಟಿಗೆ ನಾನು ಮಾಡಿಕೊಂಡ ಏರ್ಪಾಡು ಇದು. ಸಂಬಳ ಬೀಳುವ ಖಾತೆಯ ಕಾರ್ಡನ್ನು ಎಲ್ಲಿಯೂ ಉಳಿಸುವುದಿಲ್ಲ. ಅಂಚೆ ಕಛೇರಿಯ ಬಳಿಯ ಬೇರೊಂದು ಬ್ಯಾಂಕಿನಲ್ಲಿ ಸಣ್ಣ ಖಾತೆಯಿದೆ. ಸಾಮಾನು ತರಿಸುವಾಗ ಬೇಕಾದಷ್ಟನ್ನೇ ಅದಕ್ಕೆ ಹಾಕುತ್ತೇನೆ. ಮೆಟ್ರೋ ಕಾರ್ಡು ಇದ್ದಂತೆ ಅದು. ಮೆಟ್ರೋ ಕಾರ್ಡನ್ನು ರಾಜೀವ್ ಚೌಕದ ಜನಜಂಗುಳಿಯಲ್ಲಿ ಕಳೆದುಕೊಂಡರೂ ಅದರಲ್ಲಿದ್ದ ನೂರಿನ್ನೂರು ರೂಪಾಯಿಗೇ ನಷ್ಟ ನಿಲ್ಲುತ್ತದೆ. ಇದು ಜುಗ್ಗತನವೆಂದು ನನ್ನ ಮನೆಯವರ ಅಭಿಪ್ರಾಯ.

ಕಾರ್ಡಿನ ಅವಧಿ ಮುಗಿದು ಹೊಸದು ಬಂದಾಗ ಹಳೆಯ ಅಂಗಡಿಗಳಿಗೆ ಅದನ್ನು ಜೋಡಿಸಬೇಕಾದರೆ ಬ್ಯಾಂಕು ಒಡೆಯನ ಸ್ಪಷ್ಟ ಒಪ್ಪಿಗೆ ಕೇಳತಕ್ಕದ್ದು. ಆಗ ಎಲ್ಲಕ್ಕೂ ‘ಹೌದು’ ಒತ್ತದೆ ಒಂದೊಂದನ್ನೇ ನೋಡಿದರೆ, ಪಟ್ಟಿ ತಾನಾಗಿ ಸಣ್ಣದಾಗುತ್ತದೆ.

ನನ್ನ ಖಾತೆಯಲ್ಲಿದ್ದ ನಾಲ್ಕು ಕಾರ್ಡುಗಳ ವಿಷಯ ಉಳಿಯಿತು. ಮೂವರಿಗೆ ಗಿರಣಿಯಲ್ಲಿಯೇ ವಿಷಯ ತಿಳಿಸಿ, ಅವರ ಎದುರಿನಲ್ಲಿಯೇ ತೆಗೆದುಹಾಕಿದೆ. ಅವರಲ್ಲೊಬ್ಬರು ‘ಇರಲಿ ಬಿಡ್ರಿ, ಚಳಿಗಾಲಕ್ಕೆ ಸ್ವೆಟರ್ ತರಿಸಬೇಕು’ ಎಂದರು. ಆ ನಂಬಿಕೆ ನನಗೆ ಭಾರವಾಯಿತೇ ಹೊರತು ಹಗುರವಾಗಲಿಲ್ಲ; ಸ್ವೆಟರಿಗೆ ಆಗ ಹೊಸದಾಗಿ ಅಂಕಿ ಒತ್ತೋಣವೆಂದು ಹೇಳಿ ತೆಗೆದೆ. ನಾಲ್ಕನೆಯವರ ಹಳೆಯ ಸಂಖ್ಯೆ ನಡೆಯಲಿಲ್ಲ. ಅವರ ಊರಿನವರೊಬ್ಬರಿಂದ ಹೊಸ ಸಂಖ್ಯೆ ಪಡೆದು ಮಾತಾಡಿದೆ. ಅವರಿಗೆ ಕಾರ್ಡಿನ ಸಂಗತಿಯೇ ಮರೆತುಹೋಗಿತ್ತು. ಕುಕ್ಕರು ಮಾತ್ರ ಇನ್ನೂ ಚೆನ್ನಾಗಿದೆಯಂತೆ. ನನ್ನ ಕಡೆಯಿಂದ ತೆಗೆದೆನೆಂದೂ, ನನ್ನ ಮಾತನ್ನೇ ನಂಬಿ ಕೂರದೆ ತಮ್ಮ ಬ್ಯಾಂಕಿನ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಬೇಕೆಂದೂ ಹೇಳಿದೆ. ಎರಡು ದಿನ ಬಿಟ್ಟು ಫೋನು ಮಾಡಿದರು. ಪಟ್ಟಿಯಲ್ಲಿ ನನ್ನಿಂದಾದದ್ದು ಹೋಗಿತ್ತು. ಆದರೆ ಅವರಿಗೆ ಗುರುತೇ ಸಿಗದ ಇನ್ನೆರಡು ಹೆಸರುಗಳಿದ್ದವಂತೆ.

ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರ ವರೆಗೆ ನಾನು ವಾಚನಾಲಯದಲ್ಲಿರುತ್ತೇನೆ. ಪಟ್ಟಿ ನೋಡಿಕೊಳ್ಳಲು ಬರುವವರು ತಮ್ಮ ಫೋನು, ಪಾಸ್‌ಬುಕ್ಕು, ಅದರಲ್ಲಿ ಅರ್ಥವಾಗದ ಸಾಲುಗಳಿದ್ದರೆ ಅವುಗಳ ಕೆಳಗೆ ಪೆನ್ಸಿಲಿನ ಗೆರೆ, ಇಷ್ಟನ್ನು ತರಬೇಕು. ಓದಿ ಹೇಳುವುದು ನನ್ನ ಕೆಲಸ, ಒತ್ತುವುದು ನಿಮ್ಮ ಕೆಲಸ. ಕಾರ್ಡನ್ನು ನನ್ನ ಕೈಗೆ ಕೊಡಬೇಡಿರಿ, ಓಟಿಪಿಯನ್ನು ನನಗೆ ಕೇಳುವಂತೆ ಓದಬೇಡಿರಿ.